ಮೇಸ್ತ್ರಿ ಕೊಟ್ಟ ಸಾಕ್ಷಿ

ಬ್ಯಾಪ್ಟಿಸ್ಟ್ ಚರ್ಚಿಗೆ ನೂರು ವರ್ಷ ತುಂಬಿತಲ್ಲ, ಚರಿತ್ರೆಯ ಪುಸ್ತಕ ಬರಲೇಬೇಕು ಅಂತ ಪಾಸ್ಟರು ಪಟ್ಟು ಹಿಡಿದರು. ಚರಿತ್ರೆ ಅಂದರೆ ಏನು ಮಹಾ? ಮೊದಲು ಹತ್ತಿ ಗೋದಾಮಿನಲ್ಲಿ ಸಭೆ ಸೇರುತ್ತಿತ್ತು. ಆಮೇಲೆ ಒಂದು ತಗಡಿನ ಶೆಡ್ಡು. ಅದೂ ಗಾಳಿಗೆ ಹಾರಿಹೋದ ಮೇಲೆ ಈಗಿನ ಕಲ್ಲುಕಟ್ಟಡ. ನಡುವೆ, ಪಿಯಾನೋ ಬೇಕೋ ಬೇಡವೋ ಅಂತ ವರ್ಷಗಟ್ಟಲೆ ಜಗಳ.

ಈ ಕಟ್ಟಡ ಎಬ್ಬಿಸಿದವನು ಇದೇ ಸಭೆಯ ಟೈಲರಮ್ಮನ ಗಂಡ, ಮೇಸ್ತ್ರಿ. ವೇದಿಕೆಯ ಹಲಗೆ ಎತ್ತಿದರೆ ಕಾಣುವ ದೀಕ್ಷಾಸ್ನಾನದ ತೊಟ್ಟಿಯೂ ಅವನದೇ ಕೈಕೆಲಸ. ಕೂಸಿನ ತಲೆಗೆ ನಾಲ್ಕು ಹನಿ ಚಿಮುಕಿಸಿ ಮುಗಿಸುವ ಪದ್ಧತಿ ಇಲ್ಲಿಲ್ಲ. ಬುದ್ಧಿ ಬಲಿತವರು ತಾವಾಗಿ ಒಪ್ಪಿ, ಪೂರ್ತಿ ಮುಳುಗಿ ಏಳಬೇಕು. ಆಳ ಎಷ್ಟಿರಲಿ ಅಂತ ಮೇಸ್ತ್ರಿ ಕೇಳಿದಾಗ ಆಗಿನ ಪಾಸ್ಟರು, "ನೀರು ನನ್ನ ಎದೆಮಟ್ಟ ಬರಲಿ" ಅಂದಿದ್ದರು. ಅವರೋ ಕಂಬದಂಥ ಆಳು. ಆಮೇಲೆ ಬಂದವರೆಲ್ಲ ನೀರೊಳಗೆ ಸ್ಟೂಲು ಹಾಕಿಕೊಂಡೇ ನಿಲ್ಲಬೇಕಾಯಿತು. ಪಾಸ್ಟರನ್ನು ಹುಡುಕುವಾಗ ಬೈಬಲ್ ಜ್ಞಾನಕ್ಕಿಂತ ಮೊದಲು ಎತ್ತರ ವಿಚಾರಿಸುವ ಸಭೆ ಇದೊಂದೇ ಇದ್ದೀತು.

ಪುಸ್ತಕದಲ್ಲಿ ಸದಸ್ಯರ ಹೆಸರು ಮಾತ್ರ ಹಾಕುವುದೆಂದು ಹಿರಿಯರು ತೀರ್ಮಾನಿಸಿದರು. ಮೇಸ್ತ್ರಿ ಸದಸ್ಯನಲ್ಲ. ಮದುವೆಯಾದಾಗಿನಿಂದ ಭಾನುವಾರ ತಪ್ಪದೆ ಹಿಂದಿನ ಬೆಂಚಿನಲ್ಲಿ ಕೂತವನು ದೀಕ್ಷಾಸ್ನಾನ ಮಾತ್ರ ತೆಗೆದುಕೊಂಡಿರಲಿಲ್ಲ. ಮುಳುಗುವವರ ಬಿಳಿ ನಿಲುವಂಗಿ ಹೊಲಿಯುವವಳು ಟೈಲರಮ್ಮ. ನೀರಲ್ಲಿ ಉಬ್ಬಿ ಮೇಲೇಳದಿರಲಿ ಅಂತ ಅಂಚಿನಲ್ಲಿ ಸೀಸದ ಚೂರು ಇಟ್ಟು ಮಡಿಸುತ್ತಿದ್ದಳು. ಊರಿಗೆಲ್ಲ ಹೊಲಿದವಳಿಗೆ ಸ್ವಂತ ಗಂಡನಿಗೊಂದು ಹೊಲಿಯುವ ಭಾಗ್ಯವಿಲ್ಲ.

"ರೀ, ಒಂದು ಸಲ ಮುಳುಗಿ ಏಳೋದಕ್ಕೆ ಏನು ಧಾಡಿ ನಿಮಗೆ? ಪುಸ್ತಕದಲ್ಲಿ ಹೆಸರೂ ಬರುತ್ತೆ."

"ಆ ತೊಟ್ಟಿಗೆ ನನ್ನಷ್ಟು ಸಲ ಇಳಿದವರು ಯಾರಿದ್ದಾರೆ ಹೇಳು. ಪ್ರತಿ ಸಲ ತಳ ಉಜ್ಜೋನು ನಾನೇ ತಾನೆ?"

"ತಮಾಷೆ ಸಾಕು. ಸತ್ತಮೇಲೆ ನೀವೊಂದು ಕಡೆ, ನಾನೊಂದು ಕಡೆ ಆದ್ರೆ ಏನ್ ಮಾಡ್ಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಸ್ತಕ ಬರೀ ನೆಪ. ಅಗಲಿಬಿಡುತ್ತೇವೆ ಅನ್ನುವ ಭಯವೇ ಅವಳನ್ನು ಇಷ್ಟು ವರ್ಷ ತಿಂದಿದ್ದು. ಮೇಸ್ತ್ರಿ ಗಡ್ಡ ಕೆರೆದುಕೊಂಡ. "ಆಯ್ತು ಬಿಡು, ಪಾಸ್ಟರನ್ನ ಕೇಳ್ಕೋತೀನಿ" ಅಂದ.

ಕೇಳಿಕೊಂಡರೆ ಸಾಲದು. ಸಭೆಯ ಮುಂದೆ ನಿಂತು ತನ್ನ ನಂಬಿಕೆಯ ಸಾಕ್ಷಿ ಹೇಳಬೇಕು, ಸದಸ್ಯರೆಲ್ಲ ಕೈ ಎತ್ತಿ ಒಪ್ಪಬೇಕು. ಒಬ್ಬರು ಒಪ್ಪದಿದ್ದರೂ ನೀರಿಗೆ ಇಳಿಯುವಂತಿಲ್ಲ. ಟೈಲರಮ್ಮ ವಾರವಿಡೀ ಉತ್ತರ ಉರುಹೊಡೆಸಿದಳು.

"ಮೇಸ್ತ್ರಿಗಳೇ, ದೀಕ್ಷಾಸ್ನಾನ ಯಾಕೆ ಬೇಕು ನಿಮಗೆ?" ಭಾನುವಾರ ಸಭೆಯೆದುರು ಪಾಸ್ಟರು ಕೇಳಿದರು.

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಕಲಿತದ್ದು ಒಂದೂ ಹೊರಗೆ ಬರಲಿಲ್ಲ.

"ನನ್ನ ಹೆಂಡತಿಗೆ ಬೇಕಂತೆ" ಅಂದ. "ನಂಗೆ ಆ ನಂಬಿಕೆ ಇನ್ನೂ ಒಳಗಿಂದ ಬಂದಿಲ್ಲ ಪಾಸ್ಟರೇ. ಬಂದಿದೆ ಅಂತ ಇಲ್ಲಿ ನಿಂತು ಹೇಳೋಕೆ ನಾಲಿಗೆ ಏಳ್ತಿಲ್ಲ. ಅವಳು ಅಳ್ತಾಳೆ, ನೋಡೋಕಾಗಲ್ಲ. ಅದಕ್ಕೆ ಬಂದೆ."

ಜನ ನಕ್ಕರು, ಪ್ರೀತಿಯಿಂದಲೇ. ತಮ್ಮ ತಲೆಯ ಮೇಲೆ ಸೂರು ಕಟ್ಟಿಕೊಟ್ಟವನಿಗೆ ಇಲ್ಲ ಅನ್ನಲು ಯಾರಿಗೆ ಮನಸ್ಸು ಬಂದೀತು? ಒಪ್ಪುವವರು ಕೈ ಎತ್ತಿ ಅಂತ ಪಾಸ್ಟರು ಅಂದದ್ದೇ ತಡ, ಕೈಗಳೆಲ್ಲ ಮೇಲೆದ್ದವು. ಸದಸ್ಯರ ಹೆಸರು ಮಾತ್ರ ಅಂತ ಹಟ ಹಿಡಿದಿದ್ದ ಹಿರಿಯರದ್ದೂ ಎದ್ದಿತು.

ಟೈಲರಮ್ಮನ ಕೈ ಮಾತ್ರ ಮಡಿಲಲ್ಲೇ ಇತ್ತು.

"ಅಕ್ಕಾ, ನೀವು?" ಪಾಸ್ಟರಿಗೆ ದಿಕ್ಕು ತೋಚಲಿಲ್ಲ.

"ನನ್ನಷ್ಟು ಆಸೆಪಟ್ಟವರು ಇಲ್ಲಿ ಯಾರೂ ಇಲ್ಲ" ಅಂದಳು. "ಆದ್ರೆ ಅವರು ಸುಳ್ಳು ಹೇಳಲಿಲ್ಲ. ಈಗ ನಾನು ಕೈ ಎತ್ತಿದ್ರೆ ಸುಳ್ಳು ನಂದಾಗುತ್ತೆ."

ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು ಬರಲಿಲ್ಲ, ಅದು ಆಮೇಲಿನ ಮಾತು. ಅಂದು ಇಬ್ಬರೂ ಮನೆಗೆ ನಡೆದರು.

"ಹಾಗಾದ್ರೆ ಇನ್ನು ಅಳಲ್ವಾ?" ದಾರಿಯಲ್ಲಿ ಮೇಸ್ತ್ರಿ ಕೇಳಿದ.

"ಅಳ್ತೀನಿ" ಅಂದಳು. "ಅದನ್ನ ನೋಡಿ ನೀವು ನೀರಿಗೆ ಇಳೀಬೇಡಿ, ಅಷ್ಟೇ."