ಸೂಜಿಯ ಸಾಕ್ಷಿ

ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳು ತಿಂಗಳಿಗೊಮ್ಮೆ ಸೇರುವ ಕೋಣೆಯಲ್ಲಿ ಅಂದು ಜಟಾಪಟಿಯೇ ನಡೆದಿತ್ತು. ಬೇರಾವುದೋ ಕಾಯಿಲೆಗೆಂದು ಮಾಡಿದ ಮಾತ್ರೆಯನ್ನು ತಮ್ಮ ನರಗಳ ಕಾಯಿಲೆಗೆ ನುಂಗಬಹುದೇ ಎಂಬುದು ವಾದ.

"ಪುರಾವೆ ಎಲ್ಲಿದೆ?" ಎಂದರು ಗಣಿತದ ಮೇಷ್ಟ್ರು. ಅವರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ.

"ಇಲ್ಲಿದೆ ಸಾರ್. ಕೈ ನಡುಗಿ ದಾರ ಪೋಣಿಸೋಕೇ ಆಗ್ತಿರ್ಲಿಲ್ಲ. ಮಾತ್ರೆ ತಗೊಂಡ್ಮೇಲೆ ನೋಡಿ!" ಟೈಲರಮ್ಮ ಚೀಲದಿಂದ ಸೂಜಿ ತೆಗೆದು ಒಂದೇ ಸಲಕ್ಕೆ ಪೋಣಿಸಿ ತೋರಿಸಿದರು.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅದು ಗೋಣಿಚೀಲ ಹೊಲಿಯುವ ದಬ್ಬಣ.

"ಇದಕ್ಕೆ ಯಾರು ಬೇಕಾದ್ರೂ ಪೋಣಿಸ್ತಾರಮ್ಮ, ಕೊಡಿ ಇಲ್ಲಿ" ಎಂದು ದಾರ ಎಳೆದುಹಾಕಿ ತಾವೇ ಪೋಣಿಸಹೊರಟರು.

ಎರಡು ಸಲ ತಪ್ಪಿತು. ಮೂರನೆಯ ಸಲ ದಾರ ಅವರ ಬೆರಳಿಗೇ ಹೋಗಿ ತಾಗಿತು. ಯಾರೂ ನಗಲಿಲ್ಲ.

ದಬ್ಬಣ ಹಿಂದಿರುಗಿಸುತ್ತ ಮೇಷ್ಟ್ರು ಮೆಲ್ಲಗೆ ಕೇಳಿದರು: "ಆ ಮಾತ್ರೆ ಹೆಸರೇನಂದ್ರಿ?"