ಬರೀ ನೀರಿಗೆ ಎದ್ದ ನೊರೆ

ಬರೀ ನೀರು ಸುರಿದಿದ್ದಕ್ಕೇ ಹೆಣದ ತಲೆಯಿಂದ ನೊರೆ ಎದ್ದಾಗ ಪ್ರೇಮಾಳ ಕೈ ಅಲ್ಲೇ ನಿಂತಿತು. ಸೀಗೆಪುಡಿಯನ್ನು ಅವಳಿನ್ನೂ ಮುಟ್ಟಿರಲಿಲ್ಲ. ಅದರ ಪೊಟ್ಟಣವನ್ನು ವಸಂತಮ್ಮ ಇನ್ನೂ ಹಲ್ಲಿನಿಂದ ಹರಿಯುತ್ತಿದ್ದರು.

ಕೊಳ್ಳೇಗಾಲದ ದೇವಾಂಗಪೇಟೆಯ ಆ ಅಂಗಳದಲ್ಲಿ ಬೆಂಚಿನ ಮೇಲೆ ಮಲಗಿದ್ದವನು ಚೌಡೇಶ್, ಐವತ್ತೆರಡು ವರ್ಷ. ಹೆಣ ಎತ್ತುವ ಮೊದಲು ಒಡಹುಟ್ಟಿದ ಹೆಣ್ಣುಮಗಳೊಬ್ಬಳು ತಲೆಗೆ ಎಣ್ಣೆ ಸೀಗೆ ಹಾಕಿ ತೊಳೆಯಬೇಕೆಂಬುದು ಆ ಮನೆಯ ಪದ್ಧತಿ. ಅವನಿಗೆ ಹೆಂಡತಿಯಿಲ್ಲ, ಅಕ್ಕತಂಗಿಯರೂ ಇಲ್ಲ. ಹದಿಮೂರು ವರ್ಷ ಅವನನ್ನು ಅಣ್ಣ ಎಂದು ಕರೆಯುತ್ತ ಅವನ ಜೊತೆ ಸೀಗೆಪುಡಿಯ ಕಂಪನಿ ಕಟ್ಟಿದವಳು ಕಾಡಂಚಿನ ಹೂಗ್ಯಂನ ಪ್ರೇಮಾ. ಬೇರೆ ಜಾತಿಯವಳು ಮುಟ್ಟುವುದೇ ಎಂದು ಒಂದಿಬ್ಬರು ಮೂಗು ಮುರಿದರೂ, ಚೌಡೇಶನ ತಮ್ಮ ಮೋಹನ್ ಮತ್ತು ಅವನ ಹೆಂಡತಿ ವಸಂತಮ್ಮ ಅವಳನ್ನೇ ಕರೆದಿದ್ದರು.

ಮೂರು ದಿನದ ಹಿಂದೆ ಕೌದಳ್ಳಿ ತಿರುವಿನಲ್ಲಿ ಸ್ಕೂಟರ್ ಜಾರಿ ಬಿದ್ದೆ ಎಂದು ಚೌಡೇಶನೇ ಹೇಳಿದ್ದ. ತಲೆಗೆ ಟವೆಲ್ ಬಿಗಿದುಕೊಂಡು ಮಲಗಿದವನು, ಆಸ್ಪತ್ರೆಗೆ ಹೋಗೋಣ ಎಂದವರನ್ನೆಲ್ಲ ಬೈದು ಓಡಿಸಿದ್ದ. ಇವತ್ತು ಬೆಳಿಗ್ಗೆ ವಾಂತಿ ಮಾಡಿಕೊಂಡು ಸತ್ತ. ಟವೆಲ್ ಬಿಚ್ಚಿದ್ದು ಈಗಲೇ.

ಪ್ರೇಮಾ ಬೆರಳನ್ನು ಕೂದಲೊಳಗೆ ಇಳಿಸಿದಳು. ನೆತ್ತಿಯ ಹಿಂದೆ ಬುರುಡೆ ಒಳಕ್ಕೆ ಕುಸಿದಿತ್ತು. ಅದರ ಸುತ್ತ ರಕ್ತದಲ್ಲಿ ಕಲೆತು ಗಟ್ಟಿಯಾದ ಪುಡಿ ಮೆತ್ತಿಕೊಂಡಿತ್ತು. ಇನ್ನಷ್ಟು ನೀರು ಬಿದ್ದಾಗ ಅದು ಮೊದಲು ಕೆಂಪಗೆ, ಆಮೇಲೆ ಬೆಳ್ಳಗೆ ಉಕ್ಕಿತು. ಮೂಗಿಗೆ ಬಟ್ಟೆ ಒಗೆಯುವ ಪುಡಿಯ ಘಾಟು ಬಡಿಯಿತು. ಅಸಲಿ ಸೀಗೆ ಹೀಗೆ ಉಕ್ಕುವುದಿಲ್ಲ. ಇಂಥ ಕಲಬೆರಕೆ ಇದ್ದದ್ದು ಒಂದೇ ಡ್ರಮ್ಮಿನಲ್ಲಿ, ಅದೂ ಹೂಗ್ಯಂನ ಅವರದೇ ಶೆಡ್ಡಿನಲ್ಲಿ. ರಸ್ತೆಯಲ್ಲಿ ಬಿದ್ದವನ ತಲೆಗೆ ಅದು ಮೆತ್ತುವುದಾದರೂ ಹೇಗೆ?

ಅವಳು ತಲೆಯೆತ್ತಿದಳು. ಚಟ್ಟ ಕಟ್ಟುತ್ತಿದ್ದವರ ನಡುವೆ ಅವಳ ತಮ್ಮ ಮಹದೇವು ಇದ್ದ. ಎಲ್ಲರೂ ಹೆಣ ನೋಡುತ್ತಿದ್ದರು. ಅವನೊಬ್ಬ ತನ್ನ ಕೈಯಲ್ಲಿದ್ದ ಹಗ್ಗ ನೋಡುತ್ತಿದ್ದ.

* * *

ಚೌಡೇಶ್ ಮೊದಲು ರೇಷ್ಮೆ ಸೀರೆಯ ಅಂಚಿಗೆ ಚಿತ್ರ ಬರೆದುಕೊಡುತ್ತಿದ್ದ. ಆಳು ಕಡ್ಡಿ ಪೈಲ್ವಾನ, ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ. ಹಂಸದ ಕತ್ತು ಉದ್ದವಾಯಿತು ಎಂದ ಸೀರೆ ವ್ಯಾಪಾರಿಯ ತಲೆಗೆ ಬಣ್ಣದ ಬಟ್ಟಲನ್ನೇ ಮಗುಚಿ ಬಂದ ಪುಣ್ಯಾತ್ಮ. ಆಮೇಲೆ ಅವನಿಗೆ ಪೇಟೆಯಲ್ಲಿ ಯಾರು ಕೆಲಸ ಕೊಡುತ್ತಾರೆ?

ಕಾಡಿನ ಚಿತ್ರ ಬರೆಯುತ್ತೇನೆಂದು ಹೂಗ್ಯಂಗೆ ಹೋದವನು, ಪ್ರೇಮಾಳ ತಾಯಿ ದೊಡ್ಡಮಾದಮ್ಮ ಸೀಗೆಕಾಯಿ ಕುಟ್ಟುವುದನ್ನು ಕಂಡು ಮುದುಕಿಯ ಕೈಯನ್ನು ಬರೆದ. ಆ ಕೈಯೇ ಪೊಟ್ಟಣದ ಮೇಲೆ ಬಂತು. ಪ್ರೇಮಾ ಪುಡಿ ಮಾಡಿಸಿದಳು, ಅವನು ಊರೂರಿಗೆ ಹೊತ್ತು ಮಾರಿದ. ಮುಂದೆ ಮಾಂಬಳ್ಳಿ ಊರಿನ ಕೆಲವರ ಜೊತೆ ಸೇರಿ ಯಳಂದೂರಿನಲ್ಲಿ ಬೇವಿನ ಹಲ್ಲುಪುಡಿ, ಹೊಂಗೆ ಎಣ್ಣೆಯ ಸೋಪು ಎಂದು ಇನ್ನೆರಡು ಕಸುಬು ಶುರುಮಾಡಿದ.

ಸೀಗೆಕಾಯಿ ತಮಗೆ ಸಿಗದಂತಾಯಿತೆಂದು, ಅದುವರೆಗೆ ಅದನ್ನು ಕೊಳ್ಳುತ್ತಿದ್ದ ದಲ್ಲಾಳಿಯ ಕಡೆಯವರು ಒಮ್ಮೆ ಕೌದಳ್ಳಿಯಲ್ಲಿ ಅವರನ್ನು ಅಡ್ಡಹಾಕಿದರು. ಒಬ್ಬ ಪ್ರೇಮಾಳ ಜಡೆ ಹಿಡಿದು ಎಳೆದ. ಚೌಡೇಶ್ ಅವನ ತೋಳಿಗೆ ಬಾಯಿ ಹಾಕಿ ಮಾಂಸ ಬರುವಂತೆ ಕಚ್ಚಿದ. ಅವರು ಅವನ ಮೂರು ಪಕ್ಕೆಲುಬು ಮುರಿದರು, ಬಲಗೈಯ ಎರಡು ಬೆರಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು. ಅವನು ಆರು ತಿಂಗಳು ಎಡಗೈಯಲ್ಲಿ ಬರೆಯುವುದನ್ನು ಕಲಿತ. ಅವತ್ತು ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆ ಸೇರಿಸಿದವನು ಮಹದೇವು. ಅಲ್ಲಿಂದಾಚೆ ಚೌಡೇಶನಿಗೆ ಅವನೆಂದರೆ ಪ್ರಾಣ.

* * *

ನೊರೆಯೇ ಬರುವುದಿಲ್ಲ ಎಂದು ಅಂಗಡಿಗಳವರು ಸೀಗೆಪುಡಿ ವಾಪಸು ಕಳಿಸತೊಡಗಿದಾಗ ಮಹದೇವು ಯಾರನ್ನೂ ಕೇಳದೆ ಒಂದು ಡ್ರಮ್ಮಿಗೆ ಬಟ್ಟೆ ಒಗೆಯುವ ಪುಡಿ ಬೆರೆಸಿದ. ಅದರ ಮೊದಲ ಪೊಟ್ಟಣ ಹೋಗಿ ಬಿದ್ದಿದ್ದು ಮೋಹನನ ಎಂಟು ವರ್ಷದ ಮಗಳು ಸ್ಪಂದನಳ ತಲೆಗೆ. ಕೂಸಿನ ನೆತ್ತಿಯೆಲ್ಲ ಬೊಬ್ಬೆಯೆದ್ದು ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು.

ಮೂರು ದಿನದ ಹಿಂದಿನ ಆ ಸಂಜೆ ಚೌಡೇಶ್ ಸ್ಕೂಟರ್ ಏರಿ ನೇರ ಶೆಡ್ಡಿಗೆ ಬಂದವನೇ ಮಹದೇವುವಿನ ಕಪಾಳಕ್ಕೆ ಬಿಗಿದ. ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದ. ಪ್ರೇಮಾ ನಡುವೆ ನುಗ್ಗಿ ಬಿಡಿಸಿದಳು. ಬಿಡಿಸಿದವಳು ತಮ್ಮನ ಪರವೇ ಮಾತಾಡಿದಳು. ಕೂಸು ಹುಷಾರಾಗುತ್ತದೆ, ಡ್ರಮ್ಮನ್ನು ಬೆಳಿಗ್ಗೆ ಸುರಿದರಾಯಿತು ಎಂದು ಹೇಳಿ, ಇಬ್ಬರನ್ನೂ ಅಲ್ಲೇ ಬಿಟ್ಟು ತಾಯಿಗೆ ಊಟ ಇಕ್ಕಲು ಮನೆಗೆ ಹೋದಳು.

* * *

ಅವತ್ತು ಹಾಗೆ ಬಿಟ್ಟು ಹೋಗಿದ್ದವಳು ಈಗ ಖಾಲಿ ಚೊಂಬು ಹಿಡಿದು ಹೆಣದ ಪಕ್ಕ ನಿಂತಿದ್ದಳು. ಇನ್ನೆರಡು ಚೊಂಬು ನೀರು ಹಾಕಿದರೆ ಎಲ್ಲ ಹರಿದುಹೋಗುತ್ತದೆ. ಅಣ್ಣ ಆ ಸ್ಕೂಟರಿನ ಸುಳ್ಳಿನ ಜೊತೆಗೇ ಮಣ್ಣಾಗುತ್ತಾನೆ, ತಮ್ಮ ಉಳಿಯುತ್ತಾನೆ. ದೊಡ್ಡಮಾದಮ್ಮನಿಗೆ ಇರುವುದು ಅವನೊಬ್ಬನೇ ಗಂಡುಮಗ. ಅವಳು ಚೊಂಬು ತುಂಬಿಕೊಂಡಳು, ಆದರೆ ಸುರಿಯಲಿಲ್ಲ.

"ಮಾದೇವು, ಬಾ ಇಲ್ಲಿ. ನೀನೂ ಒಂದ್ ಚೊಂಬು ನೀರಾಕು."

"ನಾನ್ಯಾಕಕ್ಕ? ಅವ್ರ ಮನೆಯೋರೇ ಇದಾರಲ್ಲ."

"ಬಾ ಅಂದೆ ಕಣ್ಲಾ."

ಜನ ನೋಡುತ್ತಿದ್ದರು, ಅವನು ಬರಲೇಬೇಕಾಯಿತು. ನೊರೆ ಕಂಡವನೇ ಕೈಗೆ ಕೊಟ್ಟ ಚೊಂಬನ್ನು ಕೆಳಗೆ ಬಿಟ್ಟ. ಅವಳು ಅವನಿಗೆ ಮಾತ್ರ ಕೇಳುವಂತೆ, ಏತರಲ್ಲಿ ಹೊಡೆದೆ ಎಂದಳು.

"ಮಿಷನ್ನಿನ ರಾಡ್‌ನಲ್ಲಿ," ಎಂದ. "ಡ್ರಮ್ ಒದಿಯಾಕೆ ಓದ್ರು ಕಣಕ್ಕ, ಒಂದೇ ಏಟು. ಅದ್ರೊಳಕ್ಕೇ ತಲೆಕೆಳ್ಗಾಗಿ ಬಿದ್ರು. ಆಮೇಲೆ ಎದ್ದು ಅವ್ರೇ ಅಂದ್ರು, ನಿಮ್ಮಕ್ಕನ್ಗೆ ಏಳ್ಬ್ಯಾಡ, ಸ್ಕೂಟರ್‌ನಿಂದ ಬಿದ್ದೆ ಅಂತೀನಿ ಅಂತ."

ಪ್ರೇಮಾಳಿಗೆ ಸತ್ತವನ ಮೇಲೆಯೇ ರೋಷ ಉಕ್ಕಿತು. ಊರಿನವರ ಮೇಲೆಲ್ಲ ಸಿಟ್ಟು ಮಾಡುವವನು, ಕೊಂದವನಿಗೆ ಮಾತ್ರ ಕರಗಿದನಲ್ಲ! ಆಸ್ಪತ್ರೆಗೆ ಹೋಗಿ ನಿಜ ಹೇಳಿದ್ದರೆ ಬದುಕುತ್ತಿದ್ದನೇನೋ. ತಮ್ಮ ಮೆಲ್ಲಗೆ, ನೀರು ಹಾಕಿಬಿಡಕ್ಕ, ಹೋಗಿಬಿಡಲಿ ಎನ್ನುತ್ತಿದ್ದ. ಆ ಮಾತು ಕೇಳಿದ ಮೇಲೆ ಅವಳಿಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

"ಮೋಹನಣ್ಣ," ಎಂದಳು, ಅಂಗಳಕ್ಕೆಲ್ಲ ಕೇಳುವಂತೆ. "ನಿಮ್ಮಣ್ಣ ಸ್ಕೂಟರ್‌ನಿಂದ ಬಿದ್ದಿಲ್ಲ. ನನ್ ತಮ್ಮ ಒಡ್ದವ್ನೆ. ಪೊಲೀಸ್ನೋರ್ಗೆ ಪೋನ್ ಮಾಡ್ಸಿ. ಅವ್ರು ಬರೋಗಂಟ ಎಣ ಎತ್ಬ್ಯಾಡಿ."

ಮಹದೇವು ಓಡಲು ತಿರುಗಿದ. ಅವಳು ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದಳು. ಅವನು ಇನ್ನೊಂದು ಕೈಯಿಂದ ಅವಳ ಬಾಯಿಗೆ ಗುದ್ದಿದ. ತುಟಿ ಒಡೆಯಿತು. ಮತ್ತೆ ಗುದ್ದಿದ, ಕಿವಿಯ ಓಲೆ ಕಿತ್ತು ಬಂತು. ಬಿಡಕ್ಕ ಬಿಡಕ್ಕ ಎಂದು ಅಳುತ್ತಲೇ ಹೊಡೆಯುತ್ತಿದ್ದ.

ಅಷ್ಟರಲ್ಲಿ ಮೋಹನ್ ಕುರ್ಚಿಯೊಂದನ್ನು ಎತ್ತಿ ಅವನ ಭುಜಕ್ಕೆ ಬಾರಿಸಿದ. ಕೆಳಗೆ ಬಿದ್ದವನನ್ನು ನಾಲ್ಕೈದು ಜನ ಸುತ್ತುವರಿದು ಒದೆಯತೊಡಗಿದರು. ಬೀದಿಯ ಹಿರಿಯ ದೇವಣ್ಣ, ಸ್ಟೇಷನ್ನಿಗೆ ಫೋನ್ ಹೋಗಿದೆ, ಅವರೇ ನೋಡಿಕೊಳ್ಳಲಿ ಬಿಡಿ ಎಂದು ಕೂಗುತ್ತಿದ್ದರು. ಯಾರೂ ಬಿಡಲಿಲ್ಲ. ಒದ್ದ ಕಾಲೊಂದು ತಮ್ಮನ ತಲೆಯ ಪಕ್ಕಕ್ಕೆ ಬಿದ್ದದ್ದನ್ನು ಪ್ರೇಮಾ ಕಂಡಳು.

ಅವಳು ಅವನ ಮೇಲೆ ಬೋರಲು ಬಿದ್ದಳು. ಮುಂದಿನ ಒದೆ ಅವಳ ಪಕ್ಕೆಗೆ ಬಿತ್ತು, ಅದರ ಮುಂದಿನದು ಬೆನ್ನಿಗೆ. ಅಡಿಯಲ್ಲಿದ್ದ ಮಹದೇವು ತೆವಳಿ ಹೊರಬರಲು ಕೈ ಎಳೆದ. ಅವನ ತಲೆಯನ್ನು ಎದೆಯಿಂದ ಮುಚ್ಚಿಕೊಂಡಿದ್ದ ಪ್ರೇಮಾ ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ.