ಬೆರಳಿನ ಕ್ಲಿಪ್ಪು

"ಹನ್ನೊಂದನೆಯದಕ್ಕೆ ನೀನೆಂತ ಹಾಕಿದ್ದು?" ಅಶ್ಮಿತಾ ಪಕ್ಕದವಳ ಕಾಗದಕ್ಕೆ ಇಣುಕಿದಳು.

"ಎಲ್ಲದಕ್ಕೂ ಸೊನ್ನೆ. ಮನೀಶ್ ಮಾಷ್ಟ್ರು ಹೇಳಿದ್ದು ಕೇಳ್ಲಿಲ್ವಾ? ಶಾಲೆಯ ಮಾನ ಉಂಟು ಅಂತ," ಎಂದಳು ಪೂಜಾಶ್ರೀ.

ಉಪಜಿಲ್ಲಾ ಕ್ರೀಡಾಕೂಟದ ಮೈದಾನದ ಬದಿಯಲ್ಲಿ, ಗೋಳಿಮರದ ಕೆಳಗೆ, ಶಿರಿಯ ಶಾಲೆಯ ಹುಡುಗಿಯರು ಪರೀಕ್ಷೆಗೆ ಕೂತವರಂತೆ ಕೂತಿದ್ದರು. ಆಟದ ಮೊದಲು ಮಕ್ಕಳಿಗೆ ಎಷ್ಟು ಹೆದರಿಕೆಯಾಗುತ್ತದೆಂದು ಅಳೆಯಲು ಪೆರ್ಲದ ಶ್ರೀವಾಣಿ ಬಂದಿದ್ದಳು. ಕಾಲೇಜಿನಲ್ಲಿ ಅವಳದು ಅದೇ ಸಂಶೋಧನೆ. ಕಾಗದದಲ್ಲಿ ಇಪ್ಪತ್ತು ವಾಕ್ಯಗಳು. ಹೊಟ್ಟೆ ತೊಳಸುತ್ತದೆ. ಸೋತರೆ ಯಾರೇನೆನ್ನುತ್ತಾರೋ ಅನ್ನಿಸುತ್ತದೆ. ಇಲ್ಲವೇ ಇಲ್ಲವೆಂದರೆ ಸೊನ್ನೆ, ತುಂಬಾ ಎಂದರೆ ಮೂರು.

ಬೆಳಿಗ್ಗೆ ಬಸ್ಸಿಳಿದವಳೇ ಅಶ್ಮಿತಾ ವಾಂತಿ ಮಾಡಿದ್ದಳು. "ಮಾಷ್ಟ್ರಿಗೆ ಹೇಳ್ಬೇಡ ಅಮ್ಮ" ಎಂದು ಬೇಡಿಕೊಂಡಿದ್ದಳು. ಹೈಜಂಪಿಗೆ ಶಾಲೆಯಿಂದ ಇಬ್ಬರಿಗೇ ಅವಕಾಶ. ಹೆದರುವವಳೆಂದು ಗೊತ್ತಾದರೆ ತನ್ನನ್ನು ಕೂರಿಸಿ ಬೇರೆಯವಳನ್ನು ಇಳಿಸುತ್ತಾರೆ ಎಂಬ ಭಯ. ತಾಯಿ ದಮಯಂತಿ ಅವಳ ಬಾಯಿ ತೊಳೆಸಿ, ಎಂದಿನಂತೆ, "ಹೆದರ್ಲಿಕ್ಕೆ ಎಂತ ಉಂಟು?" ಎಂದಿದ್ದಳು.

ಅಶ್ಮಿತಾ ಇಪ್ಪತ್ತಕ್ಕೂ ಸೊನ್ನೆ ಬರೆದುಕೊಟ್ಟಳು. ಶ್ರೀವಾಣಿ ಅವಳ ಬೆರಳಿಗೆ ನಾಡಿ ಎಣಿಸುವ ಪುಟ್ಟ ಕ್ಲಿಪ್ಪು ಸಿಕ್ಕಿಸಿದಳು. ನಿಮಿಷಕ್ಕೆ ನೂರ ಹನ್ನೆರಡು.

"ಕಾಗದದಲ್ಲಿ ಒಂಚೂರೂ ಹೆದರಿಕೆ ಇಲ್ಲ. ಬೆರಳು ಬೇರೆಯೇ ಹೇಳ್ತದಲ್ಲ?"

"ಓಡಿ ಬಂದೆ ಅಕ್ಕ, ಅದಕ್ಕೆ."

"ಅರ್ಧ ಗಂಟೆಯಿಂದ ಇಲ್ಲೇ ಕೂತಿದ್ದಿ ಮಾರಾಯ್ತಿ!"

ಪೂಜಾಶ್ರೀ ಕಿಸಕ್ಕನೆ ನಕ್ಕಳು. ಅಶ್ಮಿತಾಳ ಕಿವಿ ಕೆಂಪಾಯಿತು. "ಮಾಷ್ಟ್ರಿಗೆ ತೋರಿಸ್ತೀರಾ?"

"ಇಲ್ಲಪ್ಪ. ಹೆಸರು ಸಹ ಬರೆಸ್ಲಿಲ್ಲ ನೋಡು."

ಅಶ್ಮಿತಾ ನಂಬಿದಂತೆ ಕಾಣಲಿಲ್ಲ. ಅಷ್ಟು ಹೊತ್ತೂ ಪಕ್ಕದಲ್ಲಿ ಕೂತು ಆ ಯಂತ್ರವನ್ನೇ ನೋಡುತ್ತಿದ್ದ ದಮಯಂತಿ ಸೆರಗಿಗೆ ಕೈ ಒರೆಸಿಕೊಂಡು ಬೆರಳು ಚಾಚಿದಳು. "ಎಲ್ಲಿ, ನನಗೊಮ್ಮೆ ಹಾಕಿ. ಸುಮ್ಮನೆ ನೋಡುವಾ."

ಅಂಕಿ ಏರಿ ಏರಿ ನೂರ ಇಪ್ಪತ್ತನಾಲ್ಕಕ್ಕೆ ನಿಂತಿತು.

"ಇದು ಹಾಳಾಗಿರ್ಬೇಕು," ಎಂದಳು ದಮಯಂತಿ.

"ಅಮ್ಮ, ನೀನು ಹಾರ್ಲಿಕ್ಕಿಲ್ಲ. ನಿಂಗೆಂತದು?"

ದಮಯಂತಿ ಕ್ಲಿಪ್ಪು ಬಿಚ್ಚಿ ಶ್ರೀವಾಣಿಯ ಕೈಗಿಟ್ಟಳು. "ನೀನು ಹಾರುವಾಗ ನಾನು ಕಣ್ಣು ಮುಚ್ಚುವುದು. ಮೂರು ವರ್ಷದಲ್ಲಿ ಒಂದು ಸಲವೂ ನೋಡ್ಲಿಲ್ಲ."

"ಮತ್ತೆ ಲಾಯ್ಕ ಹಾರಿದ್ದಿ ಅಂತ ಹೇಳುವುದು ಹೇಗೆ?"

"ಜನ ಚಪ್ಪಾಳೆ ತಟ್ಟುವಾಗ ಗೊತ್ತಾಗ್ತದೆ."

ಅಶ್ಮಿತಾ ತಾಯಿಯ ಮುಖವನ್ನು ಹೊಸಬರ ಮುಖದಂತೆ ನೋಡಿದಳು. ಆಮೇಲೆ ಕೇಳಿದಳು, "ಅಕ್ಕ, ರಬ್ಬರ್ ಉಂಟಾ?"

ಕಾಗದವನ್ನು ವಾಪಸು ತೆಗೆದುಕೊಂಡು ಮೊಣಕಾಲ ಮೇಲಿಟ್ಟು ಮೊದಲಿನಿಂದ ಉಜ್ಜಿದಳು. ಸೊನ್ನೆಗಳ ಜಾಗದಲ್ಲಿ ಎರಡು ಬಂತು, ಮೂರು ಬಂತು. ಮನೀಶ್ ಮಾಷ್ಟ್ರು ಪಿನ್ನಿನ ಡಬ್ಬಿ ಹಿಡಿದು ಹತ್ತಿರ ಬಂದು, ಅವಳ ಬೆನ್ನಿಗೆ ನಂಬರಿನ ಬಟ್ಟೆ ಸಿಕ್ಕಿಸತೊಡಗಿದರು. ಅವಳು ಕಾಗದ ಮುಚ್ಚಲಿಲ್ಲ. ಅವರು ಒಮ್ಮೆ ಬಗ್ಗಿ ನೋಡಿ, ಎರಡನೇ ಪಿನ್ನನ್ನೂ ಹಾಕಿದರು.

ಉಳಿದದ್ದು ಇಪ್ಪತ್ತನೆಯದು. ಕೈಗಳು ತಣ್ಣಗಾಗುತ್ತವೆ.

"ಇದಕ್ಕೆ ಎಷ್ಟು ಹಾಕುವುದಮ್ಮ? ಮುಟ್ಟಿ ಹೇಳು."

ದಮಯಂತಿ ಮಗಳ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದಳು. ಎಷ್ಟು ಹೊತ್ತು ಹಿಡಿದರೂ ಅವಳಿಗೆ ತಿಳಿಯಲಿಲ್ಲ. ಮೂರು ಕೈಗಳೂ ಒಂದೇ ಸಮ ತಣ್ಣಗಿದ್ದವು. ಮೈಕಿನಲ್ಲಿ ಹೈಜಂಪಿನವರನ್ನು ಕರೆಯತೊಡಗಿದರು.